ಹೆವೇಲಿಯಸ್‌ನ ಕಣ್ಣು, ಹುಕ್‌ನ ಬಾಯಿ

17ನೇ ಶತಮಾನದ ಖಗೋಳಜ್ಞ ಯೊಹಾನೆಸ್ ಹೆವೇಲಿಯಸ್ ಅಂದರೆ ಬರಿಗಣ್ಣಿನಿಂದ ನಕ್ಷತ್ರ ಅಳೆಯುವ ಹಳೇ ಪದ್ಧತಿಗೆ ಜೋತುಬಿದ್ದ ಹಟಮಾರಿ ಮುದುಕ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗಂತೂ ಇದು ಒಪ್ಪಿಗೆಯಿಲ್ಲ.

ಡಾನ್ಜಿಗ್‌ನಲ್ಲಿ, ಅಂದರೆ ಈಗಿನ ಗ್ಡಾನ್ಸ್ಕ್‌ನಲ್ಲಿ, ಬಿಯರ್ ತಯಾರಿಸಿ ಮಾರುತ್ತಿದ್ದವನು. ಮೂರು ಮನೆಗಳ ಚಾವಣಿ ಸೇರಿಸಿ ವೀಕ್ಷಣಾಲಯ ಕಟ್ಟಿಕೊಂಡಿದ್ದ. ಚಂದ್ರನನ್ನು ನೋಡಲು ದೂರದರ್ಶಕ ಬಳಸಿದವನೇ. ನಕ್ಷತ್ರಗಳ ಸ್ಥಾನ ಅಳೆಯುವುದಕ್ಕೆ ಮಾತ್ರ ಬರಿಗಣ್ಣೇ ಸಾಕು ಅಂದ. 1673ರಲ್ಲಿ ತನ್ನ ಉಪಕರಣಗಳ ವಿವರ ಅಚ್ಚು ಹಾಕಿಸಿದ. ಮರುವರ್ಷವೇ ಲಂಡನ್‌ನಿಂದ ವಿಜ್ಞಾನಿ ರಾಬರ್ಟ್ ಹುಕ್ ಮುಗಿಬಿದ್ದ: ಒಂದು ಕಲೆಗಿಂತ, ಅಂದರೆ ಡಿಗ್ರಿಯ 60ನೇ ಒಂದು ಭಾಗಕ್ಕಿಂತ ಸಣ್ಣ ಅಂತರವನ್ನು ಬರಿಗಣ್ಣು ಬಿಡಿಸಿ ನೋಡಲಾರದು, ಹಾಗಾಗಿ ಅಳೆಯುವ ಯಂತ್ರಕ್ಕೆ ದೂರದರ್ಶಕ ಕಟ್ಟಲೇಬೇಕು.

ಕಣ್ಣಿನ ಮಟ್ಟಿಗೆ ಹುಕ್ ಹೇಳಿದ್ದು ಸರಿಯೇ. ಆದರೆ ಹೆವೇಲಿಯಸ್ ಎರಡು ಚುಕ್ಕಿ ಬಿಡಿಸಿ ನೋಡುತ್ತಿರಲಿಲ್ಲವಲ್ಲ! ಯಂತ್ರದ ಆಚೆ ತುದಿಯಲ್ಲಿ ಒಂದು ದುಂಡು ಕಡ್ಡಿ, ಕಣ್ಣಿನ ಕಡೆ ಅದೇ ಅಗಲಕ್ಕೆ ಎರಡು ಸೀಳು. ಕಡ್ಡಿಯ ಎಡಬಲ ಎರಡೂ ಅಂಚಿನಲ್ಲಿ ನಕ್ಷತ್ರ ಒಂದೇ ಸಮ ಹೊಳೆಯಬೇಕು. ಈ ಸಮತೂಕ ಹಿಡಿಯುವುದರಲ್ಲಿ ಪಳಗಿದ ಕಣ್ಣು ಬಲು ಚುರುಕು. ಎರಡು ನಕ್ಷತ್ರಗಳ ನಡುವಿನ ಕೋನ ಅಳೆಯುವ ಹಿತ್ತಾಳೆಯ ದೊಡ್ಡ ಸೆಕ್ಸ್‌ಟಂಟ್‌ನ ತ್ರಿಜ್ಯ ಆರಡಿ. ಡಿಗ್ರಿಯ ಗೆರೆ ಕೊರೆದ ಕಮಾನಿನ ಮೇಲೆ ಒಂದು ಕಲೆಗೆ ಸಿಗುವ ಜಾಗ ಸುಮಾರು ಅರ್ಧ ಮಿ.ಮೀ. ಅದಕ್ಕೆ ಇಬ್ಬರು ಬೇಕು, ಒಬ್ಬೊಬ್ಬರಿಗೆ ಒಂದೊಂದು ನಕ್ಷತ್ರ. ಆಕಾಶ ತಿರುಗುತ್ತಲೇ ಇರುವುದರಿಂದ ಒಬ್ಬರು ನಾಲ್ಕು ಸೆಕೆಂಡು ತಡಮಾಡಿದರೂ ಒಂದು ಕಲೆಯಷ್ಟು ತಪ್ಪು ನುಸುಳಬಹುದು. ಎದುರು ನಿಲ್ಲುತ್ತಿದ್ದವಳು ಎಷ್ಟೋ ಸಲ ಹೆಂಡತಿ ಎಲಿಸಬೆಥಾ.

ದೂರದರ್ಶಕದ ಬಗ್ಗೆ ಅವನಿಗಿದ್ದ ಅಳುಕೂ ಮೊಂಡುತನವಲ್ಲ. ಗುರಿ ಹಿಡಿಯುವ ಎಳೆಗಳು ಮಸೂರದ ನಾಭಿಯಲ್ಲೇ, ಅಂದರೆ ಬೆಳಕು ಒಂದೆಡೆ ಸೇರುವ ಜಾಗದಲ್ಲೇ, ಕೂರಬೇಕು; ಸ್ವಲ್ಪ ಹಿಂದುಮುಂದಾದರೆ ಕಣ್ಣು ಅಲುಗಿದಂತೆ ನಕ್ಷತ್ರವೂ ಎಳೆಯಿಂದ ಜಾರುತ್ತದೆ. ಎರಡಡಿ ಕೊಳವೆಯಲ್ಲಿ ಮಸೂರ 0.2 ಮಿ.ಮೀ. ಪಕ್ಕಕ್ಕೆ ಸರಿದರೂ ಒಂದು ಕಲೆ ದಾಟಿದ ತಪ್ಪು. ಅದನ್ನು ಪರೀಕ್ಷಿಸಿ ಸರಿಪಡಿಸಬಹುದು, ನಿಜ. ಆದರೆ ಪ್ರತಿ ಸಲವೂ ಮಾಡಬೇಕು.

1679ರ ಮೇನಲ್ಲಿ 22ರ ಹರೆಯದ ಇಂಗ್ಲಿಷ್ ಖಗೋಳಜ್ಞ ಎಡ್ಮಂಡ್ ಹ್ಯಾಲಿ ದೂರದರ್ಶಕ ಕಟ್ಟಿದ ಎರಡಡಿ ಕ್ವಾಡ್ರಂಟ್ (ಕಾಲು ವೃತ್ತದ ಕೋನಮಾಪಕ) ಹೊತ್ತು ಡಾನ್ಜಿಗ್‌ಗೇ ಬಂದ. ತಾನೂ ಸೆಕ್ಸ್‌ಟಂಟ್ ಹಿಡಿದು ನೋಡಿದ. ಬೇರೆ ಬೇರೆಯವರು ಅಳೆದರೂ ಲೆಕ್ಕ ಅಚ್ಚರಿಪಡುವಷ್ಟು ಹೊಂದುತ್ತದೆ ಅಂತ ಪತ್ರ ಬರೆದುಕೊಟ್ಟ. ಇಲ್ಲೊಂದು ತಕರಾರು ನನ್ನದು: ಅಳತೆಗಳು ಒಂದಕ್ಕೊಂದು ಹೊಂದಿದ ಮಾತ್ರಕ್ಕೆ ಸರಿ ಅಂತಲ್ಲ. ಕಮಾನಿನ ಗೆರೆಯೇ ತಪ್ಪಾಗಿ ಬಿದ್ದಿದ್ದರೆ ಎಲ್ಲರಿಗೂ ಅದೇ ತಪ್ಪು ಬರುತ್ತದೆ. ಹ್ಯಾಲಿಯ ಪತ್ರ ಹೆವೇಲಿಯಸ್‌ನ ಮಾನ ಉಳಿಸಿತು, ಹುಕ್‌ನ ವಾದಕ್ಕೆ ಉತ್ತರ ಕೊಡಲಿಲ್ಲ.

ಅದೇ ಸೆಪ್ಟೆಂಬರ್‌ನಲ್ಲಿ ಬೆಂಕಿ ಬಿದ್ದು ವೀಕ್ಷಣಾಲಯ ಸುಟ್ಟುಹೋಯಿತು. 1687ರಲ್ಲಿ ಅವನು ತೀರಿಕೊಂಡ. 1,500ಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯನ್ನು 1690ರಲ್ಲಿ ಎಲಿಸಬೆಥಾ ಹೊರತಂದಳು. ಹುಕ್ ಅಂಥದ್ದೊಂದು ಪಟ್ಟಿ ಕೊಡಲೇ ಇಲ್ಲ.