ಬಿಲ್ಡಿಂಗ್ ಕೆಡವಿದರೆ ನನ್ನ ತಮ್ಮನೂ ಇಲ್ಲ ಅಂತನಾ?

ಇವತ್ತು ಮೂರನೇ ಸಲ ರಜೆ ಹಾಕಿ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದೆ. ಹೊಟ್ಟೆ ಉರಿಯುತ್ತಿದೆ. ಎಲ್ಲಾದರೂ ಹೇಳಿಕೊಳ್ಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮ ಒಂಬತ್ತು ವರ್ಷದಿಂದ ಕುವೈತಿನಲ್ಲಿ ಏಸಿ ಮೆಕ್ಯಾನಿಕ್. ಮುಂಬೈಯಲ್ಲಿ ಮಾಡಿಸಿದ್ದ ಪಾಸ್‌ಪೋರ್ಟಿಗೆ ಹತ್ತು ವರ್ಷ ಆಗುತ್ತಾ ಬಂತು, ಕುವೈತಿನಲ್ಲೇ ರಿನ್ಯೂಗೆ ಹಾಕಿದ. ಕುವೈತಿನಲ್ಲಿ ಪಾಸ್‌ಪೋರ್ಟ್ ಎಷ್ಟು ದಿನ ಇದೆಯೋ ಇಕಾಮಾ ಕೂಡ ಅಷ್ಟೇ ದಿನ, ಅದರಾಚೆಗೆ ಕೊಡುವುದಿಲ್ಲ. ಇಕಾಮಾ ಅಂದರೆ ಅಲ್ಲಿ ವಾಸ ಮಾಡಲು ಕೊಡುವ ಪರವಾನಗಿ. ಅದು ಮುಗಿದರೆ ದಂಡ, ಕೆಲಸಕ್ಕೂ ಕುತ್ತು. ಇದೆಲ್ಲ ಗೊತ್ತಿದ್ದೇ ಅವನು ಆರು ತಿಂಗಳು ಮೊದಲೇ ಅರ್ಜಿ ಹಾಕಿದ್ದ. ಅಲ್ಲಿನ ಕೆಲಸ ಒಂದೇ ದಿನದಲ್ಲಿ ಮುಗಿಯಿತು. ಫೋಟೋ, ಸಹಿ, ಫೀಸು, ಅಷ್ಟೇ. ಸಿಕ್ಕಿಹಾಕಿಕೊಂಡದ್ದು ಇಲ್ಲಿ, ನಮ್ಮ ಊರಿನ ಪೊಲೀಸ್ ಎನ್‌ಕ್ವೈರಿಯಲ್ಲಿ.

ಫಾರ್ಮಿನಲ್ಲಿ ಎರಡು ಅಡ್ರೆಸ್ ಕೇಳುತ್ತಾರೆ. ಈಗ ಇರುವ ಜಾಗದ್ದು ಒಂದು, ಭಾರತದ ಖಾಯಂ ಅಡ್ರೆಸ್ ಇನ್ನೊಂದು. ಅವನು ಹಳೆಯ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇದ್ದದ್ದನ್ನೇ ಬರೆದ, ಅಪ್ಪ ತಗೊಂಡಿದ್ದ ಮ್ಹಾಡಾ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಹೌಸಿಂಗ್ ಬೋರ್ಡ್, ಕಾಲನಿಯ ರೂಮು. ಅದರಲ್ಲಿ ತಪ್ಪೇನಿದೆ ಹೇಳಿ. ರೂಮು ನಮ್ಮದು ಎನ್ನುವುದಕ್ಕೆ ಸೊಸೈಟಿಯ ಶೇರ್ ಸರ್ಟಿಫಿಕೇಟ್ ನಮ್ಮ ಹತ್ತಿರ ಇದೆ, ಹೊಸ ಬಿಲ್ಡಿಂಗ್ ಎದ್ದ ಮೇಲೆ ನಾವು ವಾಪಸ್ ಹೋಗುವುದೂ ಅಲ್ಲಿಗೇ. ಆದರೆ ಸದ್ಯಕ್ಕೆ ಅಲ್ಲಿ ಬಿಲ್ಡಿಂಗೇ ಇಲ್ಲ. ಹೋದ ವರ್ಷ ಸೊಸೈಟಿ ರೀಡೆವಲಪ್‌ಮೆಂಟಿಗೆ ಹೋಯಿತು. ಬಿಲ್ಡರ್ ತಿಂಗಳ ಬಾಡಿಗೆ ಕೊಡುತ್ತಾನೆ, ಅಮ್ಮ ಮತ್ತು ನಾವು ಎರಡು ಸ್ಟೇಷನ್ ಆಚೆ ಬಾಡಿಗೆ ಮನೆಯಲ್ಲಿದ್ದೇವೆ. ಚೆಂಬೂರಿನ ತಿಲಕ್ ನಗರಕ್ಕೆ ಹೋಗಿ, ವಿಕ್ರೋಲಿಯ ಕನ್ನಮ್‌ವಾರ್ ನಗರಕ್ಕೆ ಹೋಗಿ, ಹೌಸಿಂಗ್ ಬೋರ್ಡ್ ಕಾಲದ ಬಿಲ್ಡಿಂಗುಗಳು ಒಂದೊಂದಾಗಿ ನೆಲಕ್ಕೆ ಬಿದ್ದು ಟವರ್ ಏಳುತ್ತಿವೆ. ಇಡೀ ಮುಂಬೈಗೆ ಗೊತ್ತಿರುವ ಸಂಗತಿ ಇದು. ಪಾಸ್‌ಪೋರ್ಟ್ ಎನ್‌ಕ್ವೈರಿ ಮಾಡುವವರಿಗೆ ಮಾತ್ರ ಗೊತ್ತಿಲ್ವಾ?

ಎನ್‌ಕ್ವೈರಿಗೆ ಬಂದವರು ಸೈಟಿಗೆ ಹೋಗಿದ್ದಾರೆ. ಗೇಟಿನಲ್ಲಿ ಎರಡು ತಿಂಗಳ ಹಿಂದೆ ಸೇರಿದ ವಾಚ್‌ಮನ್ ಹುಡುಗ. ತಮ್ಮನ ಹೆಸರು ಹೇಳಿ ಕೇಳಿದರೆ ಅವನಿಗೇನು ಗೊತ್ತು, "ಮಾಲೂಮ್ ನಹೀಂ" ಅಂದಿದ್ದಾನೆ. ಇವರು "ಪತ್ತ್ಯಾವರ್ ರಾಹತ್ ನಾಹೀ" ಎಂದು ಬರೆದು ಹೊರಟು ಹೋಗಿದ್ದಾರೆ. ಅಡ್ರೆಸ್ಸಿನಲ್ಲಿ ವಾಸವಿಲ್ಲ. ಅಷ್ಟೇ. ಆ ಮೂರು ಶಬ್ದಕ್ಕೆ ಅಲ್ಲಿ ಕುವೈತಿನಲ್ಲಿ ಅರ್ಜಿ ನಿಂತಿತು. ಫಾರ್ಮಿನಲ್ಲಿ ನನ್ನ ಮೊಬೈಲ್ ನಂಬರ್ ಇದೆ, ತುರ್ತಿಗೆ ಸಂಪರ್ಕಿಸಬೇಕಾದವರು ಎಂದು ಅದಕ್ಕೇ ಒಂದು ಜಾಗ ಇದೆ. ಒಂದೇ ಒಂದು ಫೋನ್ ಮಾಡಿದ್ದರೆ ನಾನು ಅರ್ಧ ಗಂಟೆಯಲ್ಲಿ ಎಲ್ಲ ಕಾಗದ ಹಿಡಿದು ಅಲ್ಲಿ ನಿಲ್ಲುತ್ತಿದ್ದೆ. ಯಾಕೆ ಮಾಡಲಿಲ್ಲ ಎಂದು ಮೊದಲನೇ ಸಲ ಹೋದಾಗಲೇ ಕೇಳಿದೆ. ಉತ್ತರ ಇಲ್ಲ. ಸಾಹೇಬರು ಇಲ್ಲ, ನಾಳಿದ್ದು ಬನ್ನಿ ಅಂದರು.

ನಾಳಿದ್ದು ಹೋದರೆ ಲೈಟ್ ಬಿಲ್ ತನ್ನಿ. ಅಲ್ಲ, ಬಿಲ್ಡಿಂಗ್ ಕೆಡವುವ ಮೊದಲೇ ಮೀಟರ್ ಕಿತ್ತುಕೊಂಡು ಹೋಗಿದ್ದಾರೆ, ಲೈಟ್ ಬಿಲ್ ನಾನು ಎಲ್ಲಿಂದ ತರಲಿ? ಹಳೆಯ ಬಿಲ್ ಇದೆ, ಅದು ಅಪ್ಪನ ಹೆಸರಿನಲ್ಲಿ, ಅಪ್ಪ ತೀರಿಹೋಗಿದ್ದಾರೆ. ಬಾಡಿಗೆ ಮನೆಯ ಅಗ್ರಿಮೆಂಟ್ ತೋರಿಸಿದರೆ ಇದು ನಿಮ್ಮ ಹೆಸರಿನಲ್ಲಿದೆ, ತಮ್ಮನದು ಎಲ್ಲಿ ಅಂತ ಕೇಳುತ್ತಾರೆ. ಕುವೈತಿನಲ್ಲಿ ಕೂತವನ ಹೆಸರಿನಲ್ಲಿ ಇಲ್ಲಿ ಯಾರು ಬಾಡಿಗೆ ಅಗ್ರಿಮೆಂಟ್ ಮಾಡಿಕೊಡುತ್ತಾರೆ?

ಎರಡನೇ ಸಲ ಅಮ್ಮನನ್ನೂ ಕರೆದುಕೊಂಡು ಸೈಟಿನ ಹತ್ತಿರ ಬನ್ನಿ ಎಂದರು. ಅಮ್ಮನಿಗೆ ಎಪ್ಪತ್ನಾಲ್ಕು, ಮೊಣಕಾಲು ನೋವು. ಹೊರಗೆ ಮಳೆ. ರಿಕ್ಷಾದಲ್ಲಿ ದಾರಿಯುದ್ದಕ್ಕೂ ಒಂದು ಪ್ಲಾಸ್ಟಿಕ್ ಚೀಲವನ್ನು ಎದೆಗೆ ಒತ್ತಿಕೊಂಡೇ ಕೂತಿದ್ದರು. ಒಳಗೆ ರೇಷನ್ ಕಾರ್ಡು, ತಮ್ಮನ ಶಾಲೆಯ ಲೀವಿಂಗ್ ಸರ್ಟಿಫಿಕೇಟು, ರಬ್ಬರ್ ಬ್ಯಾಂಡ್ ಹಾಕಿಟ್ಟ ಹಳೆಯ ಲೈಟ್ ಬಿಲ್ಲುಗಳು. ಹೋಗಿ ಇಳಿದರೆ ನೀಲಿ ತಗಡಿನ ಬೇಲಿ, ಒಳಗೆ ಕೆಸರು ನೀರು ತುಂಬಿದ ದೊಡ್ಡ ಹೊಂಡ. ಕಾನ್‌ಸ್ಟೇಬಲ್ "ಮನೆ ಎಲ್ಲಿ ತೋರಿಸಿ" ಅಂದರು. ಅಮ್ಮ ಸ್ವಲ್ಪ ಹೊತ್ತು ನೋಡುತ್ತಾ ನಿಂತರು. ಆಮೇಲೆ ಮಡಚಿದ ಕೊಡೆಯನ್ನು ಮೇಲೆತ್ತಿ ಖಾಲಿ ಗಾಳಿಯನ್ನು ತೋರಿಸಿದರು. "ವೋ ಊಪರ್, ತೀಸ್ರಾ ಮಾಲಾ, ಉಧರ್ ಹಮಾರಾ ಖಿಡ್ಕಿ ಥಾ." ನಾನೂ ಆ ಕಡೆ ನೋಡಿದೆ. ಮೂರನೇ ಮಹಡಿಯ ಆ ಕಿಟಕಿಯ ಪಕ್ಕದಲ್ಲೇ ತಮ್ಮ ಕೂತು ಹತ್ತನೇ ಕ್ಲಾಸಿಗೆ ಓದಿದ್ದು. ಕಾನ್‌ಸ್ಟೇಬಲ್ ಮೊಬೈಲಿನಲ್ಲಿ ಹೊಂಡದ ಫೋಟೋ ತೆಗೆದುಕೊಂಡರು.

ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ.

ಇವತ್ತಿನ ಬೇಡಿಕೆ, ಆ ಅಡ್ರೆಸ್ಸಿನ ಅಕ್ಕಪಕ್ಕದ ಇಬ್ಬರು ಸಾಕ್ಷಿ. ಅಕ್ಕಪಕ್ಕದವರು ಎಲ್ಲಿದ್ದಾರೆ? ಎದುರು ಮನೆಯ ಕಾಕು ಬದ್ಲಾಪುರದಲ್ಲಿ, ಕೆಳಗಿನ ಶೆಟ್ರು ಡೊಂಬಿವಲಿಯಲ್ಲಿ. ಶೆಟ್ರು ಪಾಪ ಹೋಟೆಲ್ ಬಿಟ್ಟು ಸೆಕೆಂಡ್ ಕ್ಲಾಸಿನ ಗರ್ದಿಯಲ್ಲಿ ನಿಂತುಕೊಂಡೇ ಬಂದರು. ಕಾಕು ತನ್ನ ಆಧಾರ್ ಝೆರಾಕ್ಸ್ ತಾನೇ ಮಾಡಿಸಿಕೊಂಡು ಬಂದಿದ್ದರು. ಇಬ್ಬರೂ ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತರು. ಅವರ ಋಣ ನಾನು ಹೇಗೆ ತೀರಿಸಲಿ? ಹೊರಗೆ ಒಬ್ಬ ಏಜೆಂಟ್ ಬಂದು ಎರಡು ಸಾವಿರ ಕೊಟ್ಟರೆ ಸಂಜೆಗೆ ರಿಪೋರ್ಟ್ ಕ್ಲಿಯರ್ ಅಂದ. ಕೊಡುವುದಿಲ್ಲ ಅಂದೆ. ನಾವು ಏನು ತಪ್ಪು ಮಾಡಿದ್ದೇವೆ ಎಂದು ಕೊಡಬೇಕು?

ನಿನ್ನೆ ರಾತ್ರಿ ಕೂತು 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮು ಓದಿದೆ. ಪಾಸ್‌ಪೋರ್ಟ್ ಯಾವಾಗ ಕೊಡದೆ ಇರಬಹುದು ಎಂದು ಅಲ್ಲಿ ಪಟ್ಟಿಯೇ ಇದೆ. ಭಾರತದ ಪ್ರಜೆ ಅಲ್ಲದಿದ್ದರೆ, ಕ್ರಿಮಿನಲ್ ಕೇಸು ನಡೆಯುತ್ತಿದ್ದರೆ, ವಾರಂಟ್ ಇದ್ದರೆ, ಹೀಗೆ. ಮನೆಯ ಬಿಲ್ಡಿಂಗ್ ಕೆಡವಿದ್ದರೆ ಅಂತ ಎಲ್ಲೂ ಬರೆದಿಲ್ಲ. 2018ರ ಜನವರಿಯಲ್ಲಿ ಅಡ್ರೆಸ್ ಇರುವ ಆ ಕೊನೆಯ ಪುಟವನ್ನೇ ಇನ್ನು ಪ್ರಿಂಟ್ ಮಾಡುವುದಿಲ್ಲ ಎಂದು ಸರ್ಕಾರವೇ ಹೇಳಿತ್ತು, ಅದೇ ತಿಂಗಳು ಮುಗಿಯುವುದರೊಳಗೆ ನಿರ್ಧಾರ ವಾಪಸ್ ತಗೊಂಡಿತು. ಒಂದು ಅಡ್ರೆಸ್ಸಿಗೆ ಇಷ್ಟು ಬೆಲೆ ಕೊಡುವುದಾದರೆ, ಆ ಅಡ್ರೆಸ್ಸಿನಲ್ಲಿ ಮನೆ ಯಾಕಿಲ್ಲ ಎಂದು ಕೇಳುವ ತಾಳ್ಮೆಯೂ ಬೇಕಲ್ವಾ? ಸೊಸೈಟಿಯ ಲೆಟರ್ ಇದೆ, ಬಿಲ್ಡರ್ ಜೊತೆಗಿನ ರಿಜಿಸ್ಟರ್ ಆದ ಅಗ್ರಿಮೆಂಟ್ ಇದೆ. ಇವೆರಡನ್ನೂ ಪುರಾವೆ ಎಂದು ತಗೊಳ್ಳಿ ಎಂದು ಒಂದು ಸಾಲಿನ ಸುತ್ತೋಲೆ ಕಳಿಸಲು ಏನು ಕಷ್ಟ? ಇವತ್ತು ನಮ್ಮ ಹೊಂಡ, ನಾಳೆ ನಮ್ಮ ಪಕ್ಕದ ಎಂಟು ಬಿಲ್ಡಿಂಗ್. ಅಲ್ಲಿಯ ಮಕ್ಕಳೂ ಮಸ್ಕತ್, ದೋಹಾ, ದುಬೈ ಅಂತ ಹರಡಿಕೊಂಡಿದ್ದಾರೆ.

ನಿಮ್ಮ ಬಿಲ್ಡಿಂಗೂ ಹೀಗೆ ಕೆಡವಲು ಹೊರಟಿದ್ದರೆ ಹೊರದೇಶದಲ್ಲಿರುವ ಮಕ್ಕಳಿಗೆ ಇವತ್ತೇ ಫೋನ್ ಮಾಡಿ. ಪಾಸ್‌ಪೋರ್ಟಿನಲ್ಲಿ ಒಂದು ವರ್ಷ ಉಳಿದಿರುವಾಗಲೇ ರಿನ್ಯೂಗೆ ಹಾಕಬಹುದು. ಕೊನೆಯ ಲೈಟ್ ಬಿಲ್ ಎಸೆಯಬೇಡಿ.

ಸಂಜೆ ತಮ್ಮ ಫೋನ್ ಮಾಡಿದ್ದ. ಅವನಿಗೆ ಇನ್ನು ನಲವತ್ತೊಂದು ದಿನ ಇದೆ. "ಅಕ್ಕಾ, ಅಮ್ಮನನ್ನು ಇನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡ" ಅಂದ. ಸೋಮವಾರ ನಾನು ಒಬ್ಬಳೇ ಹೋಗುತ್ತೇನೆ.