ಕರೆ ಮಾಡಿದವರು ಯಾವ ಮನೆಯವರು?

ಕಂಪ್ಯೂಟರ್ ಸರಿಪಡಿಸಿಕೊಡುವ ನೆಪದಲ್ಲಿ ಬರುವ ಮೋಸದ ಕರೆಗಳ ಮಾತು ಬಂದಾಗಲೆಲ್ಲ ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನಂಥ ಭಾರತೀಯರು ತಲೆ ತಗ್ಗಿಸಬೇಕಾಗುತ್ತದೆ. "ನಾವು ಮೈಕ್ರೋಸಾಫ್ಟ್‌ನಿಂದ ಮಾತನಾಡುತ್ತಿದ್ದೇವೆ, ನಿಮ್ಮ ಕಂಪ್ಯೂಟರಿಗೆ ವೈರಸ್ ಹೊಕ್ಕಿದೆ" ಎಂದು ಇಲ್ಲಿನ ಒಂಟಿ ವೃದ್ಧರಿಗೆ ಕರೆ ಮಾಡುವವರಲ್ಲಿ ಅನೇಕರು ನಮ್ಮ ದೇಶದ ನಗರಗಳಲ್ಲಿ ಕುಳಿತ ಯುವಕ ಯುವತಿಯರು ಎಂಬುದು ಬರಿಯ ಅನುಮಾನವಲ್ಲ. 2018ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಕೊಟ್ಟ ದೂರಿನ ಮೇಲೆ ಗುರುಗ್ರಾಮ, ನೊಯ್ಡಾಗಳ ಹಲವು ಕಾಲ್ ಸೆಂಟರ್‌ಗಳ ಮೇಲೆ ಪೊಲೀಸರು ದಾಳಿ ಮಾಡಿದರು. 2023ರ ಅಕ್ಟೋಬರಿನಲ್ಲಿ ಸಿಬಿಐ 'ಆಪರೇಷನ್ ಚಕ್ರ-2' ಎಂಬ ಹೆಸರಿನಲ್ಲಿ ಹಲವು ರಾಜ್ಯಗಳಲ್ಲಿ ಶೋಧ ನಡೆಸಿತು. 2025ರ ಜುಲೈನಲ್ಲಿ ನೊಯ್ಡಾದಲ್ಲಿ ನಡೆದ ಇಂಥದೇ ದಾಳಿಯ ಹಿಂದಿನ ತನಿಖೆಗೆ ಬ್ರಿಟನ್ನಿನ ನ್ಯಾಷನಲ್ ಕ್ರೈಮ್ ಏಜೆನ್ಸಿಯೂ ಕೈಜೋಡಿಸಿತ್ತು. ಭಾರತೀಯ ಉಚ್ಚಾರಣೆಯ ಇಂಗ್ಲಿಷ್ ಕಿವಿಗೆ ಬಿದ್ದೊಡನೆ ಫೋನ್ ಇಟ್ಟುಬಿಡುವ ಇಲ್ಲಿನ ಹಿರಿಯರನ್ನು ನಾನು ದೂರಲಾರೆ, ಹಾಗೆ ಇಡುವುದರಿಂದ ಪ್ರಾಮಾಣಿಕವಾಗಿ ದುಡಿಯುವ ನಮ್ಮ ಸಾವಿರಾರು ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂದು ಗೊತ್ತಿದ್ದರೂ.

ಆದರೆ ನಾನು ಇಲ್ಲಿ ಹೇಳಹೊರಟಿರುವುದು ನನ್ನ ಹುಟ್ಟೂರಾದ ಸೋಮವಾರಪೇಟೆಯ, ಒಟ್ಟಾರೆ ಕೊಡಗಿನ ಹಿರಿಯರ ಬಗ್ಗೆ. ಇಂಗ್ಲೆಂಡಿನ ಮುದುಕಿಯನ್ನು ವಂಚಿಸುವ ಅದೇ ತಂತ್ರ ವೇಷ ಬದಲಿಸಿಕೊಂಡು ನಮ್ಮ ತೋಟದ ಮನೆಗಳಿಗೂ ಬಂದಿದೆ. ಅದನ್ನು ಎದುರಿಸುವಲ್ಲಿ ಎರಡೂ ಕಡೆಯ ರೀತಿ ನೀತಿಗಳಿಗೆ ಬಹಳ ಅಂತರವಿದೆ.

ಮೊದಲು ತಂತ್ರ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು. ಕರೆ ಮಾಡಿದವನು ಕೀಬೋರ್ಡಿನ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿಸಿ, ತೆರೆದ ಚೌಕದಲ್ಲಿ ಕೆಲವು ಅಕ್ಷರಗಳನ್ನು ಟೈಪ್ ಮಾಡಿಸಿ, ವಿಂಡೋಸ್‌ನ 'ಇವೆಂಟ್ ವ್ಯೂವರ್' ಎಂಬ ಕಿಟಕಿಯನ್ನು ತೆರೆಸುತ್ತಾನೆ. ಅದು ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಬರೆದಿಟ್ಟುಕೊಳ್ಳುವ ದಿನಚರಿ. ಯಾವುದೋ ತಂತ್ರಾಂಶ ತಡವಾಗಿ ಶುರುವಾಯಿತು, ಯಾವುದೋ ಸಂಪರ್ಕ ಕಡಿದುಹೋಯಿತು ಎಂಬಂಥ ಸಂಗತಿಗಳೆಲ್ಲ ಅಲ್ಲಿ ಕೆಂಪು, ಹಳದಿ ಗುರುತುಗಳೊಂದಿಗೆ ಸಾಲಾಗಿ ನಿಂತಿರುತ್ತವೆ. ಯಾವ ದೋಷವೂ ಇಲ್ಲದ ಯಂತ್ರದಲ್ಲಿಯೂ ಇಂಥ ನಮೂದುಗಳು ನೂರಾರು ಇರುತ್ತವೆ. ಕೊಡಗಿನ ಸ್ಥಿತಿಯಂತೂ ವಂಚಕನಿಗೆ ಇನ್ನಷ್ಟು ಅನುಕೂಲ. ಮಳೆಗಾಲದಲ್ಲಿ ಮರ ಬಿದ್ದು, ತಂತಿ ಹರಿದು, ಕರೆಂಟು ಹೋಗಿ ಬಂದು ಮಾಡುವ ಮನೆಗಳಲ್ಲಿ ಕಂಪ್ಯೂಟರ್ ಹಠಾತ್ತಾಗಿ ನಿಂತು ಮತ್ತೆ ಶುರುವಾದಾಗ ವಿಂಡೋಸ್ ಅದನ್ನು 'ಕರ್ನೆಲ್-ಪವರ್ 41' ಎಂಬ ಹೆಸರಿನಲ್ಲಿ, 'ಕ್ರಿಟಿಕಲ್' ಎಂಬ ಅತಿ ಗಂಭೀರ ದರ್ಜೆಯಲ್ಲಿ ದಾಖಲಿಸುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪನ್ನು ಆಗಸ್ಟಿನಲ್ಲಿ ತೆರೆದು ನೋಡಿದರೆ ಆ ಕೆಂಪು ಗುರುತುಗಳ ಸಾಲನ್ನು ಕಂಡು ಯಾರಾದರೂ ಗಾಬರಿಯಾಗಬೇಕು. ಅದು ವೈರಸ್ಸಿನ ಲಕ್ಷಣವಲ್ಲ, ಜೂನ್ ಜುಲೈ ತಿಂಗಳ ಮಳೆಯ ಲಕ್ಷಣ ಎಂದು ಹೇಳುವವರು ಆ ಹೊತ್ತಿನಲ್ಲಿ ಪಕ್ಕದಲ್ಲಿರುವುದಿಲ್ಲ.

ಗಾಬರಿ ಹುಟ್ಟಿದ ಮೇಲೆ ಮುಂದಿನದು ಸುಲಭ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ತಂತ್ರಾಂಶವೊಂದನ್ನು ಹಾಕಿಸಿ, ತೆರೆಯ ಮೇಲೆ ಕಾಣುವ ಅಂಕೆಗಳನ್ನು ಓದಿಸಿ, ದೂರದಿಂದಲೇ ಯಂತ್ರದ ಹತೋಟಿ ಪಡೆಯುತ್ತಾರೆ. ಈ ತಂತ್ರಾಂಶಗಳು ಸ್ವತಃ ಕೆಟ್ಟವಲ್ಲ, ಕಚೇರಿಗಳಲ್ಲಿ ನಿತ್ಯ ಬಳಕೆಯಲ್ಲಿರುವಂಥವು. ಆದ್ದರಿಂದಲೇ ಆಂಟಿವೈರಸ್ ಅವುಗಳನ್ನು ತಡೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಮತ್ತು ಅಮೆರಿಕದಲ್ಲಿ ಆಮೇಲೆ ಹಣ ಕೀಳುವುದಕ್ಕೆ ಅಂಗಡಿಯಿಂದ ಗಿಫ್ಟ್ ಕಾರ್ಡ್ ಕೊಳ್ಳಿಸಿ ಅದರ ಸಂಖ್ಯೆಯನ್ನು ಫೋನಿನಲ್ಲಿಯೇ ಓದಿಸುವ ರೂಢಿಯಿದೆ. ಅದಕ್ಕಿಂತ ಕ್ರೂರವಾದ ಇನ್ನೊಂದು ರೀತಿಯೆಂದರೆ, ಹಳೆಯ ಶುಲ್ಕ ಮರಳಿಸುತ್ತೇವೆಂದು ಹೇಳಿ ಬ್ಯಾಂಕ್ ಖಾತೆಯ ಪುಟವನ್ನು ತೆರೆಸಿ, ತೆರೆಯ ಮೇಲೆ ಕಾಣುವ ಅಂಕೆಯನ್ನಷ್ಟೇ ತಿದ್ದಿ, "ಕಣ್ತಪ್ಪಿ ಹೆಚ್ಚು ಹಣ ಹಾಕಿಬಿಟ್ಟೆ, ಹಿಂದಿರುಗಿಸದಿದ್ದರೆ ನನ್ನ ಕೆಲಸ ಹೋಗುತ್ತದೆ" ಎಂದು ಅಂಗಲಾಚುವುದು. ಖಾತೆಗೆ ಒಂದು ಕಾಸೂ ಬಂದಿರುವುದಿಲ್ಲ. ಒಳ್ಳೆಯವರ ಒಳ್ಳೆಯತನವನ್ನೇ ಹೀಗೆ ಬಳಸಿಕೊಳ್ಳುವುದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಕೊಡಗಿನಲ್ಲಿ ಈ ಆಟ ಹೆಚ್ಚಾಗಿ ನಡೆಯುವುದು ಮೊಬೈಲಿನಲ್ಲಿ. ಕೆವೈಸಿಯ ಅವಧಿ ಮುಗಿದಿದೆ, ಸಿಮ್ ಬಂದ್ ಆಗುತ್ತದೆ, ಪಿಂಚಣಿಯ ಜೀವನ ಪ್ರಮಾಣಪತ್ರ ದಾಖಲಾಗಿಲ್ಲ ಎಂದು ಕರೆ ಬರುತ್ತದೆ. ಸರಿಪಡಿಸಿಕೊಡುತ್ತೇನೆಂದು ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಒಂದನ್ನು ಹಾಕಿಸುತ್ತಾರೆ. ಅಲ್ಲಿಂದ ಮುಂದೆ ಒಟಿಪಿಯನ್ನು ಕೇಳುವ ಅಗತ್ಯವೇ ಇಲ್ಲ, ಅದು ಬಂದದ್ದು ಅವರ ಕಣ್ಣಿಗೂ ಕಾಣುತ್ತಿರುತ್ತದೆ. 2019ರ ಫೆಬ್ರುವರಿಯಲ್ಲಿಯೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಮೂಲಕ ಯುಪಿಐ ಹಣ ಎಗರಿಸುವ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಈಚೆಗೆ ವಾಟ್ಸ್ಆ್ಯಪ್‌ನಲ್ಲಿ ಬರುವ, ಒತ್ತಿದರೆ ಮೊಬೈಲಿಗೆ ಆ್ಯಪ್ ಹಾಕುವ ಎಪಿಕೆ ಕಡತಗಳು, ಅಂದರೆ ಮದುವೆಯ ಕರೆಯೋಲೆ, ಪಿಎಂ ಕಿಸಾನ್ ಅರ್ಜಿ, ವಾಹನದ ದಂಡದ ನೋಟಿಸ್ ಎಂಬ ಹೆಸರು ಹೊತ್ತವು, ಅದೇ ಕೆಲಸವನ್ನು ಮಾತೇ ಇಲ್ಲದೆ ಮಾಡುತ್ತವೆ. ಇನ್ನು ಕೆಲವು ಸಲ ಕರೆ ಮಾಡುವವರು ನಾವೇ. ಟಿವಿಯ ಸೆಟ್‌ಟಾಪ್ ಬಾಕ್ಸ್ ಕೆಟ್ಟಿತೆಂದು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿದರೆ, ವಂಚಕರು ಮೊದಲೇ ಹಾಕಿಟ್ಟ ನಂಬರ್ ಮೇಲೆ ಬಂದಿರುತ್ತದೆ. ನಾವಾಗಿಯೇ ಕರೆ ಮಾಡಿದ್ದೇವೆಂಬ ಕಾರಣಕ್ಕೆ ಆಗ ಅನುಮಾನವೂ ಹುಟ್ಟುವುದಿಲ್ಲ.

ಇನ್ನು ಎರಡು ಕಡೆಯ ನಡವಳಿಕೆಯ ಮಾತು. ಇಂಗ್ಲೆಂಡಿನ ಜನ ಅಪರಿಚಿತ ಕರೆಯನ್ನು ಅರ್ಧ ವಾಕ್ಯಕ್ಕೇ ಕತ್ತರಿಸುತ್ತಾರೆ ಮತ್ತು ಅದರ ಬಗ್ಗೆ ಮನಸ್ಸಿನಲ್ಲಿ ಯಾವ ಕಸಿವಿಸಿಯನ್ನೂ ಇಟ್ಟುಕೊಳ್ಳುವುದಿಲ್ಲ. ಹೊಸದಾಗಿ ಇಲ್ಲಿಗೆ ಬಂದಾಗ ನನಗೆ ಇದು ಒರಟುತನವಾಗಿ ಕಂಡಿತ್ತು. ಈಗ ಇದು ನಮ್ಮವರು ಕಲಿಯಬೇಕಾದ ಗುಣವೆಂದು ನಂಬಿದ್ದೇನೆ. ಕೊಡಗಿನಲ್ಲಿ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವುದಿಲ್ಲ, ಫೋನಿನಲ್ಲಿ ಮಾತನಾಡುತ್ತಿರುವವರ ಮಾತು ಮುಗಿಯದೆ ಇಡುವುದಿಲ್ಲ. ಎದುರಿನವನು ಅಧಿಕಾರಿಯ ಗತ್ತಿನಲ್ಲಿ ಇಂಗ್ಲಿಷನ್ನೋ ಹಿಂದಿಯನ್ನೋ ಆಡಿದರೆ, ಅದರಲ್ಲಿಯೂ ಸೇನೆಯ ಹೆಸರು ಎತ್ತಿದರೆ, ನಮ್ಮ ಹಿರಿಯರು ಕುಳಿತಲ್ಲಿಯೇ ನೆಟ್ಟಗಾಗುತ್ತಾರೆ. ಕಾರ್ಯಪ್ಪನವರನ್ನೂ ತಿಮ್ಮಯ್ಯನವರನ್ನೂ ಕೊಟ್ಟ ನೆಲದಲ್ಲಿ, ಮನೆಗೊಬ್ಬರು ಮಾಜಿ ಸೈನಿಕರಿರುವ ಊರುಗಳಲ್ಲಿ ಆ ಗೌರವ ಸಹಜವೇ. ಸೈನ್ಯಾಧಿಕಾರಿಯ ಹೆಸರು ಹೇಳಿ ಕೊಠಡಿ ಕಾಯ್ದಿರಿಸಿ ಮುಂಗಡ ಹಣ ಹಾಕುತ್ತೇನೆಂದು ಹೋಂಸ್ಟೇಯವರಿಗೆ ಕ್ಯೂಆರ್ ಕೋಡ್ ಕಳಿಸಿ ಪಿನ್ ಒತ್ತಿಸುವವನು ಆ ಗೌರವವನ್ನು ಲೆಕ್ಕ ಹಾಕಿಯೇ ಬಂದಿರುತ್ತಾನೆ. ಹಣ ಪಡೆಯುವುದಕ್ಕೆ ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ.

ಆದರೆ ಇಂಗ್ಲೆಂಡಿನವರಿಗಿಲ್ಲದ ಒಂದು ಕಾವಲು ನಮಗಿದೆ. ನಮ್ಮ ಕಡೆ ಹೊಸಬರು ತೋಟದ ಗೇಟಿನ ಬಳಿ ಬಂದರೆ ಹೆಸರು ಕೇಳುವ ಮೊದಲೇ "ಯಾವ ಊರು, ಯಾವ ಮನೆಯವರು?" ಎಂದು ಕೇಳುತ್ತಾರೆ, ಮನೆತನದ ಹೆಸರು ಹೇಳಿದರೆ ಸಾಲದು, ಆ ಮನೆಯ ಹಿರಿಯರು ಯಾರು, ನಮ್ಮ ಪರಿಚಯದವರಲ್ಲಿ ನಿಮಗೆ ಯಾರು ಗೊತ್ತು ಎಂದು ಮುಂದುವರಿಯುತ್ತದೆ ವಿಚಾರಣೆ. ಇದು ಅವಮಾನವೆಂದು ಯಾರೂ ತಿಳಿಯುವುದಿಲ್ಲ. ಗೇಟಿನ ಬಳಿ ಇಷ್ಟು ಗಟ್ಟಿಯಾಗಿರುವ ಈ ಪದ್ಧತಿ ಫೋನಿನಲ್ಲಿ ಮಾತ್ರ ಏಕೆ ಸಡಿಲವಾಗಬೇಕು? ಬ್ಯಾಂಕಿನಿಂದ ಎಂದವನನ್ನು ಯಾವ ಶಾಖೆ, ಮ್ಯಾನೇಜರ್ ಯಾರು ಎಂದು ಕೇಳಬಹುದು. ಆದರೆ ಉತ್ತರ ಸರಿಯಾಗಿದ್ದರೂ ನಂಬಬೇಕಾಗಿಲ್ಲ, ಅಂಥ ವಿವರಗಳು ಅವನ ಕೈಯಲ್ಲೂ ಇರುತ್ತವೆ. ಫೋನ್ ಇಟ್ಟು, ಎಟಿಎಂ ಕಾರ್ಡಿನ ಹಿಂಬದಿಯಲ್ಲಿರುವ ನಂಬರಿಗೋ ಶಾಖೆಗೋ ನಾವೇ ಕರೆ ಮಾಡುವುದು ನಿಜವಾದ ಪರೀಕ್ಷೆ. ಬ್ಯಾಂಕುಗಳು ಗ್ರಾಹಕರಿಗೆ ವ್ಯವಹಾರದ ಕರೆ ಮಾಡುವಾಗ 1600ರಿಂದ ಶುರುವಾಗುವ ನಂಬರುಗಳನ್ನೇ ಬಳಸಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಸೂಚಿಸಿರುವುದರಿಂದ, ಸಾಮಾನ್ಯ ಹತ್ತಂಕಿಯ ಮೊಬೈಲಿನಿಂದ ಬಂದ "ಬ್ಯಾಂಕಿನ" ಕರೆಯನ್ನು ಅಲ್ಲಿಗೇ ಮುಗಿಸಬಹುದು. ಕಂಪ್ಯೂಟರ್ ತೆರೆಯ ತುಂಬ ಎಚ್ಚರಿಕೆ ಮೂಡಿ, ಸೈರನ್ ಕೂಗಿ, ಕೆಳಗೊಂದು ಫೋನ್ ನಂಬರ್ ಕಂಡರೆ ಅದೂ ಹೀಗೆಯೇ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಹಾಕುವುದಿಲ್ಲ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದರೆ ಬಹುಪಾಲು ಆ ಪುಟ ಚಿಕ್ಕದಾಗುತ್ತದೆ, ಆಗದಿದ್ದರೆ ಪವರ್ ಬಟನ್ ಒತ್ತಿ ಹಿಡಿದು ಯಂತ್ರವನ್ನೇ ಆರಿಸಿದರಾಯಿತು.

ಸರ್ಕಾರ ಮತ್ತು ಬ್ಯಾಂಕುಗಳ ಏರ್ಪಾಡಿನಲ್ಲಿ ಬ್ರಿಟನ್ ನಮಗಿಂತ ಮುಂದಿದೆ ಎಂದು ಒಪ್ಪಬೇಕು. 2021ರಿಂದ ಇಲ್ಲಿ 159 ಎಂಬ ಒಂದೇ ನಂಬರ್ ಇದೆ. ಅನುಮಾನ ಬಂದ ಕೂಡಲೇ ಫೋನ್ ಇಟ್ಟು ಅದನ್ನು ಒತ್ತಿದರೆ ಪ್ರಮುಖ ಬ್ಯಾಂಕುಗಳ ಗ್ರಾಹಕರು ತಮ್ಮ ಬ್ಯಾಂಕಿಗೆ ನೇರವಾಗಿ ತಲುಪುತ್ತಾರೆ. ಮೋಸಕ್ಕೆ ಸಿಕ್ಕಿ ತಾವೇ ಹಣ ವರ್ಗಾಯಿಸಿದವರಿಗೂ 85,000 ಪೌಂಡ್‌ವರೆಗೆ ಹಣ ಮರಳಿಸಬೇಕೆಂಬ ನಿಯಮ 2024ರ ಅಕ್ಟೋಬರ್ 7ರಿಂದ ಜಾರಿಯಲ್ಲಿದೆ. ಕಳಿಸಿದ ಬ್ಯಾಂಕು ಮತ್ತು ಪಡೆದ ಬ್ಯಾಂಕು ಆ ಹೊರೆಯನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ನಷ್ಟ ತನ್ನ ಮೇಲೆ ಬೀಳುತ್ತದೆಂದು ಗೊತ್ತಾದಾಗ ಬ್ಯಾಂಕು ಅನುಮಾನದ ವರ್ಗಾವಣೆಯನ್ನು ತಾನೇ ತಡೆದು ಕೇಳತೊಡಗುತ್ತದೆ. ಭಾರತದಲ್ಲಿ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರು ಒಟಿಪಿ, ಪಿನ್‌ನಂಥ ಗುಟ್ಟಿನ ವಿವರ ಕೊಟ್ಟು ಮೋಸಹೋಗಿದ್ದರೆ, ಬ್ಯಾಂಕಿಗೆ ತಿಳಿಸುವ ಕ್ಷಣದವರೆಗಿನ ನಷ್ಟವೆಲ್ಲ ಅವರದೇ. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಹೀಗಾಗಿ ನಮ್ಮಲ್ಲಿ ಎಲ್ಲವೂ ನಿಂತಿರುವುದು ಬೇಗ ತಿಳಿಸುವುದರ ಮೇಲೆ. ಸೈಬರ್ ವಂಚನೆಯ ಸಹಾಯವಾಣಿಯಾದ 1930ಕ್ಕೆ ಕರೆ ಮಾಡಿ ವರ್ಗಾವಣೆಯ ಸಂಖ್ಯೆ, ಮೊತ್ತ, ಬ್ಯಾಂಕಿನ ಹೆಸರು ಕೊಟ್ಟರೆ, ಹಣ ಇನ್ನೂ ವಂಚಕರ ಖಾತೆಗಳ ಸರಪಳಿಯಲ್ಲಿ ಓಡುತ್ತಿರುವಾಗಲೇ ಅದನ್ನು ತಡೆಹಿಡಿಯುವ ವ್ಯವಸ್ಥೆ 2021ರಿಂದ ಇದೆ, ಮತ್ತು ಅದು ಕೆಲಸ ಮಾಡುತ್ತದೆ. ಗಂಟೆಗಳು ಕಳೆದಂತೆ ಸಿಗುವುದು ಕಡಿಮೆಯಾಗುತ್ತ ಹೋಗುತ್ತದೆ.

ನನ್ನ ಊರಿನ ಬಗ್ಗೆ ನನಗೆ ಹೆಚ್ಚು ಚಿಂತೆ ಇರುವುದು ಈ ವಿಷಯದಲ್ಲಿಯೇ. ಇಲ್ಲಿ ಇಂಗ್ಲೆಂಡಿನಲ್ಲಿ ನನ್ನ ಪಕ್ಕದ ಮನೆಯ ನಿವೃತ್ತ ಉಪಾಧ್ಯಾಯಿನಿಯೊಬ್ಬರು ಇಂಥ ಕರೆಗೆ ಸಿಕ್ಕು ಹಣ ಕಳೆದುಕೊಂಡಾಗ ಅಂದೇ ಬ್ಯಾಂಕಿಗೆ ತಿಳಿಸಿದರು, ಮರುದಿನ ಬೀದಿಯವರಿಗೆಲ್ಲ ಹೇಳಿ ಎಚ್ಚರಿಸಿದರು; ಅವರನ್ನು ಯಾರೂ ಹಗುರವಾಗಿ ನೋಡಲಿಲ್ಲ. ಊರಿನಲ್ಲಿ ನನ್ನ ದೊಡ್ಡಪ್ಪನವರಿಗೆ ಹಾಗಾದಾಗ ಅವರು ದೊಡ್ಡಮ್ಮನಿಗೂ ಹೇಳದೆ ಬಹಳ ದಿನ ಒಳಗೊಳಗೇ ಕೊರಗಿದರು. ಕಾಫಿ ಮಾರಿ ಬಂದ ಹಣ ಅದು. ವರ್ಷಕ್ಕೊಮ್ಮೆ ಖಾತೆಗೆ ಬಂದು ವರ್ಷವಿಡೀ ಗೊಬ್ಬರಕ್ಕೆ, ಕೂಲಿಗೆ, ಔಷಧಿಗೆ ಆಗಬೇಕಾದ ಹಣ. ವಿಷಯ ಹೊರಬಿದ್ದಾಗ ಮನೆಯ ಕಿರಿಯರೊಬ್ಬರು "ನೀವು ಅಷ್ಟು ಓದಿದವರು, ಹೇಗೆ ನಂಬಿದಿರಿ?" ಎಂದು ಕೇಳಿದರಂತೆ. ಆ ಒಂದು ಪ್ರಶ್ನೆ ದೊಡ್ಡಪ್ಪನವರನ್ನು ಹಣಕ್ಕಿಂತ ಹೆಚ್ಚು ನೋಯಿಸಿತು, ಮತ್ತು ಅದನ್ನು ಕೇಳಿಸಿಕೊಂಡ ಸುತ್ತಲಿನ ಹಿರಿಯರೆಲ್ಲರೂ ತಮಗೆ ಹಾಗಾದರೆ ಬಾಯಿ ಬಿಡಬಾರದೆಂದು ಅಂದೇ ತೀರ್ಮಾನಿಸಿರಬೇಕು. ಮೋಸಹೋದವರನ್ನು ಹೀಗೆ ಕುಟುಕುವವರು ತಮಗೆ ತಿಳಿಯದೆಯೇ ವಂಚಕನ ಕೆಲಸವನ್ನು ಹಗುರ ಮಾಡುತ್ತಾರೆ, ಏಕೆಂದರೆ ಅವನಿಗೆ ಬೇಕಾದದ್ದು ಆ ಮೌನ ಮತ್ತು ಅದರಿಂದ ಸಿಗುವ ಕಾಲಾವಕಾಶ.

ಯಂತ್ರವನ್ನು ಯಾರಿಗಾದರೂ ಬಿಟ್ಟುಕೊಟ್ಟಿದ್ದೇವೆಂದು ಅರಿವಾದರೆ ಮೊದಲು ಇಂಟರ್ನೆಟ್ ಸಂಪರ್ಕ ಕಡಿಯಬೇಕು, ಮೊಬೈಲಾದರೆ ಏರೋಪ್ಲೇನ್ ಮೋಡ್‌ಗೆ ಹಾಕಬೇಕು. ಬೇರೊಂದು ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ, ಬೇರೆ ಯಂತ್ರದಿಂದ ಪಾಸ್‌ವರ್ಡ್‌ಗಳನ್ನು ಬದಲಿಸಿ, ಆಮೇಲೆ ಆ ಆ್ಯಪನ್ನು ತೆಗೆಸಬೇಕು. ಕರೆಯ ನಂಬರ್, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಕೊಡಬೇಕು. ಹೀಗೆ ಮತ್ತೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಮೂಲಕ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗಿನ ಜೈಲಿಗೆ ತಕ್ಕ ಅಪರಾಧ. ಕಳೆದ ಹಣವನ್ನು ಹಿಂದೆ ತಂದುಕೊಡುತ್ತೇವೆಂದು ಶುಲ್ಕ ಕೇಳುವ ಎರಡನೆಯ ಕರೆ ಬಂದರೆ, ಅದೂ ಅದೇ ಗುಂಪಿನದಾಗಿರುವ ಸಾಧ್ಯತೆ ಹೆಚ್ಚು.

ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇರುವ ಮಕ್ಕಳಿಗೆ ಇದರಲ್ಲಿ ನೇರ ಹೊಣೆಯಿದೆ. ವಿಡಿಯೊ ಕರೆಯಲ್ಲಿ ಮೊಮ್ಮಕ್ಕಳ ಮುಖ ತೋರಿಸಲೆಂದು ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳನ್ನು ಆ ಮನೆಗಳಿಗೆ ಕೊಂಡೊಯ್ದವರು ನಾವು. ಅದು ಕೆಟ್ಟರೆ ಯಾರನ್ನು ಕೇಳಬೇಕೆಂದು ಹೇಳಿಕೊಡದೆ ಹಿಂದಿರುಗಿದವರೂ ನಾವೇ. ಪೇಟೆಯಲ್ಲಿ ಅಂಗಡಿ ಇಟ್ಟುಕೊಂಡ ಒಬ್ಬ ನಂಬಿಕಸ್ಥ ರಿಪೇರಿಯವರನ್ನು ಗೊತ್ತುಮಾಡಿ, ಅವರ ನಂಬರನ್ನೂ 1930ನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫೋನಿನ ಬಳಿ ಅಂಟಿಸಿ, ಅಪರಾತ್ರಿಯಾದರೂ ಸರಿ, ಏನು ಒತ್ತಿದ್ದರೂ ಸರಿ, ಮೊದಲು ನನಗೆ ಹೇಳಿ, ನಾನು ಬೈಯುವುದಿಲ್ಲ ಎಂದು ಮಾತು ಕೊಟ್ಟು ಬರಬೇಕು. ಉಳಿದದ್ದನ್ನು ಊರೇ ಮಾಡಬಲ್ಲದು. ನಮ್ಮ ಕೃಷಿ ಪತ್ತಿನ ಸಹಕಾರ ಸಂಘಗಳ ವಾರ್ಷಿಕ ಮಹಾಸಭೆಗೆ ಬೇರೆ ಯಾವ ಸಭೆಗೂ ಬಾರದ ಹಿರಿಯರೂ ಬರುತ್ತಾರೆ. ಈ ಸೆಪ್ಟೆಂಬರಿನ ಸಭೆಗಳಲ್ಲಿ ಲೆಕ್ಕಪತ್ರ ಓದಿದ ಮೇಲೆ ಅರ್ಧ ಗಂಟೆಯನ್ನು ಇದಕ್ಕೆ ಮೀಸಲಿಟ್ಟು, ಸೆನ್ ಠಾಣೆಯ ಸಿಬ್ಬಂದಿಯೊಬ್ಬರನ್ನು ಕರೆಸಿ, ಒಂದು ಕಂಪ್ಯೂಟರಿನಲ್ಲಿ ಆ ಕೆಂಪು ಗುರುತುಗಳನ್ನು ಎಲ್ಲರೆದುರಿಗೆ ತೆರೆದು ತೋರಿಸುವಂತೆ ಸಂಘಗಳ ಅಧ್ಯಕ್ಷರನ್ನೂ ನಿರ್ದೇಶಕರನ್ನೂ ಕೇಳಿಕೊಳ್ಳುತ್ತೇನೆ.