ಮುಚ್ಚಳ ಮುಚ್ಚಿದರೆ ಮುಗೀತಾ?

ನಮ್ಮ ಲ್ಯಾಪ್‌ಟಾಪ್‌ಗೆ ಮೀಟಿಂಗ್ ಅಂದರೆ ಮೈಯೆಲ್ಲ ಉರಿ. ಮೈಕ್ ಆನ್ ಮಾಡುವುದನ್ನೇ ಕಾಯುತ್ತಿದ್ದು, ಭರ್ರೋ ಎಂದು ಫ್ಯಾನ್ ತಿರುಗಿಸುತ್ತದೆ. ಮೊನ್ನೆ ಮ್ಯಾನೇಜರ್ "ಏರ್‌ಪೋರ್ಟಲ್ಲಿ ಇದ್ದೀರಾ?" ಎಂದು ಕೇಳಿದರು. ಹೌದು ಎಂದಿದ್ದರೆ ಬೇಗ ಬಿಡುತ್ತಿದ್ದರೋ ಏನೋ.

ಪಾಪ, ಫ್ಯಾನನ್ನು ಬೈಯುವಂತಿಲ್ಲ. ವಿಡಿಯೊ ಕಾಲ್ ಅಂದರೆ ಪ್ರೊಸೆಸರ್‌ಗೆ ಮೈತುಂಬ ಕೆಲಸ. ಕೆಲಸ ಜಾಸ್ತಿಯಾದಷ್ಟೂ ಬಿಸಿ. ಎಷ್ಟೋ ಪ್ರೊಸೆಸರ್‌ಗಳ ತಾಳ್ಮೆ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮುಗಿಯುತ್ತದೆ. ಆಗ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಅದಕ್ಕೂ ಬಗ್ಗದಿದ್ದರೆ ಹೇಳದೆ ಕೇಳದೆ ಆಫ್. ತಲೆ ಬಿಸಿಯಾದರೆ ನಿಧಾನ ಮಾಡು, ಇನ್ನೂ ಬಿಸಿಯಾದರೆ ಎದ್ದು ಹೋಗು. ಈ ಸೌಲಭ್ಯ ಮೀಟಿಂಗಲ್ಲಿ ಕೂತವರಿಗೂ ಇರಬೇಕಿತ್ತು.

ನಮ್ಮ ಭಾವನ ಲ್ಯಾಪ್‌ಟಾಪ್‌ನದು ಬೇರೆಯೇ ಗೋಳು. ಹಾಸಿಗೆಯ ಮೇಲೆ ದಪ್ಪ ರಗ್ಗು, ಅದರ ಮೇಲೆ ಲ್ಯಾಪ್‌ಟಾಪ್. ಗಾಳಿ ಎಳೆದುಕೊಳ್ಳುವ ಕಿಂಡಿಗಳಿರುವುದೇ ಅಡಿಯಲ್ಲಿ. ಅವನ್ನು ಮುಚ್ಚಿ ಕೂತು "ಯಾಕೋ ಕಾಯ್ತಿದೆಯಲ್ಲ" ಎನ್ನುತ್ತಾರೆ. ಸೀಲಿಂಗ್ ಫ್ಯಾನ್ ಜೋರು ಮಾಡುತ್ತಾರೆ. ತಂಪಾಗುವುದು ಭಾವ ಮಾತ್ರ.

ಕೊನೆಗೆ ರಿಪೇರಿಗೆ ಕೊಟ್ಟೆವು. ಬಿಚ್ಚಿದ ಹುಡುಗ ಒಳಗಿನ ಧೂಳಿನ ಉಂಡೆ ನೋಡಿ "ಬೆಕ್ಕು ಸಾಕಿದ್ದೀರಾ ಸಾರ್?" ಎಂದ. ಸಾಕಿಲ್ಲ. ಫ್ಯಾನ್ ತಿರುಗದಂತೆ ಹಿಡಿದುಕೊಂಡು ಗಾಳಿ ಹೊಡೆದ. ಸುಮ್ನೆ ಊದಿದರೆ ರೆಕ್ಕೆಗಳು ಮಿತಿಮೀರಿ ತಿರುಗಿ ಹಾಳಾಗಬಹುದಂತೆ. ಪ್ರೊಸೆಸರ್‌ನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನೂ ಬದಲಿಸಿದ.

ಆದರೆ ಭಾವನ ಮುಚ್ಚಳದ ಚಾಳಿಗೆ ರಿಪೇರಿ ಇಲ್ಲ. ಕೆಲಸ ಮುಗಿಯಿತು, ಟಪ್ ಎಂದು ಮುಚ್ಚಿದರು, ಬ್ಯಾಗಿಗೆ ತುರುಕಿದರು. ಮುಚ್ಚಿದರೆ ಸಾಮಾನ್ಯವಾಗಿ ಅದು ಸ್ಲೀಪ್‌ಗೆ ಹೋಗುತ್ತದೆ, ಅಷ್ಟೇ. ಕೆಲವು ನಡುವೆ ಎದ್ದು ಅಪ್‌ಡೇಟ್ ಮಾಡಿಕೊಳ್ಳುತ್ತ ಬ್ಯಾಗೊಳಗೇ ಬೇಯುತ್ತವೆ. ತೆಗೆದಾಗ ಏನೂ ಅಲ್ಲಾಡದಿದ್ದರೆ ಪವರ್ ಬಟನ್ ಒತ್ತಿ ಹಿಡಿಯುವುದು ಭಾವನ ಮೊದಲ ಮದ್ದು. ಅದು ಕೊನೆಯದಾಗಿರಬೇಕು. ಸೇವ್ ಮಾಡದ್ದೆಲ್ಲ ಹೋಗುತ್ತದೆ, ಬರೆಯುತ್ತಿದ್ದ ಫೈಲೂ ಕೆಡಬಹುದು.

"ಶಟ್‌ಡೌನ್ ಕೊಡಿ ಭಾವ" ಎಂದೆ. ಬಾಯಿ ಸುಮ್ಮನಿರಬೇಕಲ್ಲ, ಬೇಗ ಆನ್ ಆಗಲೆಂದು ವಿಂಡೋಸ್ 8ರಿಂದ ಬಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯದ ಕಥೆಯನ್ನೂ ಹೇಳಿದೆ. ಅದು ಆನ್ ಇದ್ದರೆ ಶಟ್‌ಡೌನ್ ಆಗುವಾಗ ಸಿಸ್ಟಮ್ಮಿನ ಒಂದು ಭಾಗ ಡಿಸ್ಕಿನಲ್ಲಿ ಹಾಗೇ ಉಳಿದಿರುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಮಾಡಿದರೆ.

ಭಾವ ಕಣ್ಣರಳಿಸಿದರು. "ಅಂದ್ರೆ ಶಟ್‌ಡೌನೂ ಅರ್ಧ ನಿದ್ದೆನೇ ಅಲ್ವಾ? ಮತ್ತೆ ನಾನು ಮುಚ್ಚಳ ಮುಚ್ಚಿದ್ರೆ ಏನು ತಪ್ಪು?"

ಶಟ್‌ಡೌನ್ ಆದಾಗ ಪ್ರೊಸೆಸರ್ ಓಡುವುದಿಲ್ಲ, ಬ್ಯಾಗಲ್ಲಿ ಬೇಯುವುದಿಲ್ಲ ಎಂದು ವಿವರಿಸಲು ಹೊರಟೆ. ಅಷ್ಟರಲ್ಲಿ ಹೆಡ್‌ಫೋನ್ ಏರಿಸಿಕೊಂಡಿದ್ದರು. ಫ್ಯಾನ್ ಸದ್ದು ಜಾಸ್ತಿಯಂತೆ.